ಅರ್ಧಾಯುಷ್ಯ ಯಾರದು

ನನ್ನ ಸೊಸೆ ಇನ್ನು ಮೇಲೆ ತನ್ನ ಮಗಳನ್ನು ಎತ್ತಿಕೊಳ್ಳಬಹುದು. ದವಾಖಾನೆಯವರೇ ಹೇಳಿದ್ದಾರೆ. ನಿನ್ನೆ ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಸೊಲ್ಲಾಪುರದಿಂದ ಮಗ ಫೋನ್ ಮಾಡಿ, "ಅವ್ವಾ, ಎಲ್ಲಾ ಸಾಫ್ ಅದ ಅಂತ. ಕೂಸಿಗಿ ಎತ್ಕೋಬಹುದಂತ, ಬಾಜೂಕ ಹಾಕ್ಕೊಂಡು ಮಲಗಬಹುದಂತ. ಇವತ್ತಿನಿಂದೇ" ಅಂದ. ನಾನು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದೆ. ಎದ್ದ ರಭಸಕ್ಕೆ ಮೊರ ಮಗುಚಿ ಬೇಳೆಯೆಲ್ಲ ಅಂಗಳದ ಪಾಲಾಯಿತು. ಆಯ್ದುಕೊಳ್ಳುವ ವ್ಯವಧಾನ ಎಲ್ಲಿತ್ತು. ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹೇಳಿಕೊಂಡು ಬಂದೆ. ಎದುರುಮನೆಯ ಬೀಬಿ ಒಳಗೆ ಹೋಗಿ ಒಂದು ಚಿಟಿಕೆ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿ, "ಮುಬಾರಕ್ ಅಕ್ಕಾ, ಈಗರ ಜರಾ ನಿದ್ದಿ ಮಾಡು, ನಿನ್ನ ಮುಖ ನೋಡಾಕ ಆಗಾಕತ್ತಿಲ್ಲ" ಅಂದಳು. ಅದನ್ನೇ ಇವತ್ತು ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗೆ ಬಂದರೆ ಓದುವವರು ಸುಧಾರಿಸಿಕೊಳ್ಳಬೇಕು.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಅದೂ ಪೂರಾ ಅಲ್ಲ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ಬಸ್ಸಿನ ಬೋರ್ಡು, ಗೋಡೆಯ ಮೇಲಿನ ಬರಹ, ಪೂರ್ಣಿಮೆಯ ದಿನ ವಿಹಾರದಲ್ಲಿ ಕೊಡುವ ಚಿಕ್ಕ ಪುಸ್ತಕ. ಓದಲು ಬರುತ್ತದೆ ಅಂತ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದವಳು. ಆದರೆ ಈ ಮೂರು ವಾರದಲ್ಲಿ ನನ್ನನ್ನು ಹಣ್ಣು ಮಾಡಿದ್ದು ಆ ಓದೇ. ಓದಲು ಬಾರದೆ ಇದ್ದಿದ್ದರೆ ಎಷ್ಟೋ ಆರಾಮ ಇರುತ್ತಿದ್ದೆ.

ಸೊಸೆಯ ಕುತ್ತಿಗೆಯಲ್ಲಿ ಗಂಟು ಇದೆ ಎಂದು ಮೊದಲು ಕಂಡದ್ದು ನನಗೆ. ಅವಳು ಚೊಂಬೆತ್ತಿ ನೀರು ಕುಡಿಯುವಾಗ ಗಂಟಲ ಹತ್ತಿರ ಅಡಿಕೆಯಷ್ಟು ಏನೋ ಮೇಲೆ ಹೋಗಿ ಕೆಳಗೆ ಬಂತು. ಅವಳು ಅಂಗನವಾಡಿಯಲ್ಲಿ ಟೀಚರ್, ದಿನವಿಡೀ ಕೂಸುಗಳ ಜೊತೆ ಒದರಿ ಒದರಿ ಗಂಟಲು ಬಾತಿರಬೇಕು ಅಂದುಕೊಂಡೆವು. ಅದು ಹಾಗಿರಲಿಲ್ಲ. ಥೈರಾಯ್ಡ್ ಗ್ರಂಥಿಯಲ್ಲಿ ಕೆಟ್ಟ ಗಂಟು. ಆಪರೇಷನ್ ಆಯಿತು, ಗ್ರಂಥಿ ತೆಗೆದರು. ಕಣ್ಣಿಗೆ ಕಾಣದ ಚೂರು ಎಲ್ಲಾದರೂ ಉಳಿದಿದ್ದರೆ ಅದನ್ನು ಸುಡಬೇಕು, ಅದಕ್ಕೆ ಒಂದು ಬೇರೆ ಔಷಧ ಇದೆ ಅಂದರು. ಆ ಔಷಧ ಕೊಡುವ ಜಾಗದ ಮುಂದೆ ಬೆಂಚಿನ ಮೇಲೆ ಕೂತಾಗ ನನಗೆ ಮೊದಲ ಸಲ ಎದೆ ಝಲ್ಲೆಂದಿತು. ಬಾಗಿಲ ಮೇಲೆ ಮರಾಠಿಯಲ್ಲಿ ದೊಡ್ಡ ಬೋರ್ಡು.

"ಏನ್ ಬರ್ದಾರಲೇ ಅಲ್ಲಿ?" ಅಂತ ಮಗನನ್ನು ಕೇಳಿದೆ.

"ಅಣು ಔಷಧದ ವಿಭಾಗ ಅಂತ."

"ಅಣು ಅಂದ್ರ ಬಾಂಬ್ ಅಲ್ಲೇನು?"

"ಬಾಂಬ್ ಬ್ಯಾರೆ, ಇದು ಬ್ಯಾರೆ."

"ಹೆಂಗ ಬ್ಯಾರೆ?"

"ನನಗೂ ಪೂರಾ ಮಾಲೂಮಿಲ್ಲವ್ವಾ. ಸುಮ್ಮ ಕೂಡು. ಮಂದಿ ನೋಡಾಕತ್ತಾರ."

ನನ್ನ ಮಗ ಕರೆಂಟಿನ ಲೈನ್‌ಮನ್. ಕಂಬ ಹತ್ತುವವನು. ಯಾವುದನ್ನೇ ಕೇಳಿದರೂ ಕರೆಂಟಿನ ಲೆಕ್ಕದಲ್ಲೇ ಹೇಳುತ್ತಾನೆ. ಸ್ವಲ್ಪ ಹೊತ್ತಾದ ಮೇಲೆ ತಾನಾಗಿ, "ಕರೆಂಟ್ ಇದ್ದಂಗವ್ವಾ. ತಂತಿ ಮುಟ್ಟಿದ್ರ ಹೊಡೀತದ, ದೂರ ನಿಂತ್ರ ಏನೂ ಆಗಲ್ಲ" ಅಂದ. ನಾನು, "ಮತ್ತ ನಿನ್ನ ಹೆಂಡ್ತಿಗಿ ತಂತೀನೇ ನುಂಗಸಾಕತ್ತಾರಲ್ಲೋ" ಅಂದೆ.

ಅಲ್ಲಿ ಕೆಲಸ ಮಾಡುವ ಒಬ್ಬರು ನಮ್ಮ ಮಾತು ಕೇಳಿಸಿಕೊಂಡು ನಿಂತರು. ನಲವತ್ತರ ಮೇಲಿನ ಮನುಷ್ಯ, ಎದೆಯ ಮೇಲೆ ಬೆಂಕಿಪೊಟ್ಟಣದಷ್ಟು ಒಂದು ಬಿಲ್ಲೆ ಸಿಕ್ಕಿಸಿಕೊಂಡಿದ್ದರು. "ಯಾವ ಕಡೆಯವ್ರ್ರಿ ಅವ್ವಾರ?" ಅಂದರು. ಆಳಂದ ಅಂದೆವು. "ನಮ್ದು ಜೇವರ್ಗಿ. ಯಡ್ರಾಮಿ ಬಾಜೂಕಿನ ಹಳ್ಳಿ. ಈಗ ಯಡ್ರಾಮಿನೇ ತಾಲೂಕ ಆಗ್ಯಾದ ಖರೆ, ಆದ್ರ ಬಾಯಾಗ ಜೇವರ್ಗಿನೇ ಬರ್ತದ ನೋಡ್ರಿ" ಅಂತ ನಕ್ಕರು. ಪರದೇಶದಲ್ಲಿ ನಮ್ಮ ಮಾತು ಕೇಳಿ ನನಗೆ ಅರ್ಧ ಜೀವ ಬಂದಂತಾಯಿತು. ಎದೆಯ ಮೇಲಿನ ಬಿಲ್ಲೆ ಏನೆಂದು ಕೇಳಿದೆ. ದಿನಾ ಆ ಔಷಧದ ಹತ್ತಿರ ಓಡಾಡುವವರ ಮೈಗೆ ಎಷ್ಟು ಕಿರಣ ತಾಗಿತು ಅಂತ ಅದು ಬರೆದಿಟ್ಟುಕೊಳ್ಳುತ್ತದಂತೆ. ಹಾಗಾದರೆ ತಾಗುತ್ತದೆ ಅನ್ನುವುದು ಖಾತ್ರಿಯಾಯಿತಲ್ಲ, ಬಂದ ಜೀವ ಮತ್ತೆ ಹೋಯಿತು.

ಸೊಸೆ ಅವರ ಹತ್ತಿರ, "ಅಣ್ಣಾರ, ಈ ಮಾತೆಲ್ಲ ಏನಂತ ನಮ್ಮ ಅತ್ತಿಗಿ ಕನ್ನಡದಾಗ ಜರಾ ಬರ್ದು ಕೊಡ್ರಿ. ಆಕಿ ಓದ್ತಾಳ. ಗೊತ್ತಾದ್ರ ಫಿಕರ್ ಕಡಿಮಿ ಆಗ್ತದ" ಅಂದಳು. ಅವರು ಒಂದು ಖಾಲಿ ಫಾರಂ ತಿರುಗಿಸಿ, ಅದರ ಬೆನ್ನ ಮೇಲೆ ನಿಂತ ನಿಲುವಿನಲ್ಲೇ ಬರೆಯತೊಡಗಿದರು. ಮೇಲೆ ತಮ್ಮ ಫೋನ್ ನಂಬರೂ ಹಾಕಿದರು. ಆಮೇಲೆ ಯಾರೋ ಕರೆದರು, ನಮಗೂ ಮೂರು ದಿನದ ಬಟ್ಟೆಬರೆ ಒಳಗೆ ಕೊಡುವುದಿತ್ತು, ಕಾಗದವನ್ನು ಮಡಚಿ ಚೀಲದಲ್ಲಿ ಹಾಕಿಕೊಂಡೆ.

ಅದೇ ದಿನ, ಮೂರು ವಾರದ ಹಿಂದಿನ ಗುರುವಾರ, ಅವಳು ಗುಳಿಗೆ ನುಂಗಿದಳು. ನಾವು ನೋಡಲಿಲ್ಲ, ಆಮೇಲೆ ಅವಳೇ ಹೇಳಿದಳು. ಸೀಸದ ದಪ್ಪ ಡಬ್ಬಿ, ಅದರೊಳಗೆ ಇನ್ನೊಂದು ಡಬ್ಬಿ, ಅದರೊಳಗೆ ಒಂದೇ ಒಂದು ಗುಳಿಗೆ. ತಂದವರು ಅದನ್ನು ಕೈಯಿಂದ ಮುಟ್ಟಲಿಲ್ಲ. ಡಬ್ಬಿ ಇಟ್ಟು ಹಿಂದೆ ಸರಿದು ನಿಂತು, ನುಂಗಮ್ಮ ಅಂದರು. ಹಿಂದಿನ ಎರಡು ವಾರ ಅವಳಿಗೆ ಪಾಕೀಟಿನ ಉಪ್ಪು, ಹಾಲು, ತತ್ತಿ, ಮೀನು ಎಲ್ಲ ಬಂದ್ ಮಾಡಿದ್ದರು. ಥೈರಾಯ್ಡಿನ ಚೂರುಗಳು ಅಯೋಡಿನ್ ಅನ್ನುವುದನ್ನು ತಿಂದು ಬದುಕುತ್ತವಂತೆ. ಅವನ್ನು ಉಪವಾಸ ಕೆಡವಿ, ಹಸಿದಾಗ ಕಿರಣ ಬಿಡುವ ಅಯೋಡಿನ್ ಕೊಟ್ಟರೆ ಗಬಗಬ ತಿಂದು ತಾವೇ ಸಾಯುತ್ತವೆ. ಇಷ್ಟು ನನಗೆ ತಿಳಿಯಿತು. ಇಲಿಗೆ ಉಂಡಿ ಇಡುವ ಹಾಗೆ. ಆದರೆ ಮನೆಯಲ್ಲಿ ಉಂಡಿ ಇಟ್ಟಾಗ ಕೂಸನ್ನು ದೂರ ಇಡುತ್ತೇವಲ್ಲ, ಇಲ್ಲಿ ಉಂಡಿ ಕೂಸಿನ ತಾಯಿಯ ಹೊಟ್ಟೆಯಲ್ಲೇ ಇತ್ತು.

ಮೂರು ದಿನ ಒಂಟಿ ಕೋಣೆಯಲ್ಲಿ ಇಟ್ಟುಕೊಂಡು ಭಾನುವಾರ ಮನೆಗೆ ಕಳಿಸಿದರು. ಕಟ್ಟಳೆಗಳು ಜೊತೆಗೆ ಬಂದವು. ಇಪ್ಪತ್ತೊಂದು ದಿನ ಮುಗಿಯುವವರೆಗೆ ಎರಡೂವರೆ ವರ್ಷದ ಮಗಳನ್ನು ಮುಟ್ಟುವಂತಿಲ್ಲ, ಹತ್ತಿರ ಕೂಡಿಸಿಕೊಳ್ಳುವಂತಿಲ್ಲ. ಒಬ್ಬಳೇ ಮಲಗಬೇಕು. ನೀರು ಬಹಳ ಕುಡಿಯಬೇಕು. ಬಟ್ಟೆ ಬೇರೆ, ಬಕೀಟು ಬೇರೆ, ತಾಟು ಬೇರೆ, ಗಿಲಾಸು ಬೇರೆ. ಎಂಟನೆಯ ದಿನ ಶುಕ್ರವಾರ ಒಂದು ಸ್ಕ್ಯಾನಿಗೆ ಬರಬೇಕು. ರಸ್ತೆಗೆ ಬಾಗಿಲಿದ್ದ ಮುಂದಿನ ಕೋಣೆಯನ್ನು ಅವಳಿಗೆ ಬಿಟ್ಟೆವು. ಕೂಸು ನನ್ನ ಹತ್ತಿರ.

ಮೊದಲ ದಿನ ರೊಟ್ಟಿ, ಪುಂಡಿಪಲ್ಯೆ ಹಾಕಿದ ತಾಟನ್ನು ಹೊಸ್ತಿಲಲ್ಲಿ ಇಟ್ಟು ನಾನು ಹಿಂದಕ್ಕೆ ಸರಿದೆ. ಸರಿದವಳಿಗೆ ಕಾಲು ಅಲ್ಲೇ ಕಟ್ಟಿದಂತಾಯಿತು. ನಾನು ಸಣ್ಣವಳಿದ್ದಾಗ ಅವ್ವನ ಜೊತೆ ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೋದರೆ ನಮ್ಮ ಬೊಗಸೆಗೆ ನೀರನ್ನು ಮೇಲಿನಿಂದ ಹುಯ್ಯುತ್ತಿದ್ದರು. ಚಹಾದಂಗಡಿಯಲ್ಲಿ ನಮ್ಮ ಓಣಿಯವರ ಕಪ್ಪು ಹೊರಗಿನ ಗೂಡಿನಲ್ಲಿ ಇರುತ್ತಿತ್ತು, ಕುಡಿದು ನಾವೇ ತೊಳೆದು ಇಡಬೇಕು. ರೊಟ್ಟಿ ಇಟ್ಟು ಹಿಂದೆ ಸರಿಯುವವರನ್ನು ಕಂಡು ಬೆಳೆದವಳು ನಾನು. ಈಗ ನನ್ನ ಮನೆಯಲ್ಲಿ, ನನ್ನ ಕೈಯಿಂದಲೇ ಆ ಕೆಲಸ. ಸೊಸೆಗೆ ನನ್ನ ಮುಖ ನೋಡಿಯೇ ತಿಳಿಯಿತು.

"ಅತ್ತಿ, ಇದು ಜಾತೀದಲ್ರಿ, ಔಷಧದ್ದು. ಇಪ್ಪತ್ತೊಂದು ದಿನಕ್ಕ ಮುಗೀತದ" ಅಂದಳು.

"ಅದು ಇನ್ನಾ ಮುಗಿದಿಲ್ಲ, ಇದಾದ್ರೂ ಮುಗೀಲಿ ಬೇ" ಅಂದೆ. ಅವಳು ನಕ್ಕಳು, ನಾನೂ ನಕ್ಕೆ. ಒಳಗೆ ಬಂದು ಕೂತಾಗ ಆ ಕಾಗದದ ನೆನಪಾಯಿತು. ಕನ್ನಡಕ ಹಾಕಿಕೊಂಡು ಬಿಡಿಸಿದೆ.

ಜೇವರ್ಗಿಯವರ ಅಕ್ಷರ ದುಂಡಗಿತ್ತು. ಪರಮಾಣು ಎಂದರೆ ಯಾವುದೇ ವಸ್ತುವಿನ ಅತಿ ಸಣ್ಣ ಚೂರು, ಜೋಳದಲ್ಲೂ ಇದೆ, ಕಲ್ಲಿನಲ್ಲೂ ಇದೆ, ನಮ್ಮ ಮೈಯಲ್ಲೂ ಇದೆ, ಹೆದರಬಾರದು ಎಂದು ಬರೆದಿದ್ದರು. ಅದರ ನಡುವೆ ಇರುವುದು ಬೀಜ. ಕೆಲವು ಬೀಜಗಳು ಗಟ್ಟಿ ಇರುವುದಿಲ್ಲ, ತಾವಾಗಿ ಒಡೆದು ಕಿರಣ ಬಿಡುತ್ತವೆ, ಅದಕ್ಕೆ ವಿಕಿರಣ ಅನ್ನುತ್ತಾರೆ, ಕಣ್ಣಿಗೆ ಕಾಣದು, ವಾಸನೆ ಇಲ್ಲ. ಹೊಲದಲ್ಲಿ ದುಡಿದವಳು ನಾನು, ಬೀಜ ಅಂದರೆ ಗೊತ್ತು, ಟೊಳ್ಳು ಬೀಜವೂ ಗೊತ್ತು. ಕಿರಣ ಬಿಡುವ ಬೀಜ ಮಾತ್ರ ಹೊಸದು. ಮಾಲಿನ್ಯ ಎಂದರೆ ಬೆವರು, ಉಗುಳು, ಉಚ್ಚೆಯಿಂದ ಆ ಔಷಧ ಬೇರೆ ಕಡೆ ಹತ್ತಿಕೊಳ್ಳುವುದು, ತೊಳೆದರೆ ಹೋಗುತ್ತದೆ. ಇದನ್ನು ಎರಡು ಸಲ ಓದಿದೆ. ತೊಳೆದರೆ ಹೋಗುವ ಮೈಲಿಗೆ ಅನ್ನುವುದು ಜೀವಕ್ಕೆ ಹಿತವಾಯಿತು.

ಕಾಗದದ ಕೊನೆ ಮುಟ್ಟಿದೆ. ಎಲ್ಲಕ್ಕಿಂತ ಕೆಳಗೆ, ಅಂಚಿಗೆ ಒತ್ತಿ, ಮೂರೇ ಮೂರು ಮಾತು. ಅರ್ಧಾಯುಷ್ಯ: ಎಂಟು ದಿನ.

ನನ್ನ ಅಕ್ಕ ಹೋದಾಗ ಅವಳಿಗೆ ಇಪ್ಪತ್ತೆಂಟು. ಮೂರು ದಿನದ ಜ್ವರ, ಅಷ್ಟೇ. ಅಂಗಳದಲ್ಲಿ ಕೂತ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡದ್ದು ಇನ್ನೂ ಕಿವಿಯಲ್ಲಿದೆ: "ಅರ್ಧಾಯುಷ್ಯ ಬರ್ಕೊಂಡು ಬಂದಿದ್ಲು." ನಮ್ಮ ಕಡೆ ಈ ಮಾತಿಗೆ ಇದೊಂದೇ ಅರ್ಥ. ನಡುಹಾದಿಯಲ್ಲಿ ಎದ್ದು ಹೋಗುವವರ ಆಯುಷ್ಯ. ನನ್ನ ಸೊಸೆಗೆ ಈಗ ಇಪ್ಪತ್ತೊಂಬತ್ತು.

ಕಾಗದ ಮಡಚಿ ಅಕ್ಕಿಡಬ್ಬಿಯ ಕೆಳಗೆ ಇಟ್ಟೆ. ಬೆರಳು ಮಡಚಿ ಎಣಿಸಿದೆ. ಗುರುವಾರ ನುಂಗಿದ್ದಾಳೆ, ಬರುವ ಶುಕ್ರವಾರಕ್ಕೆ ಎಂಟು. ಸ್ಕ್ಯಾನ್ ಅಂದದ್ದೂ ಅದೇ ಶುಕ್ರವಾರ. ಅವರಿಗೆ ಗೊತ್ತಿದ್ದೇ ಆ ದಿನ ಕರೆದಿದ್ದಾರೆ ಅನ್ನಿಸಿತು. ಮಗನನ್ನು ಕೇಳಿಬಿಡಬಹುದಿತ್ತು. ಬಾಯಿಂದ ಹೊರಬಿದ್ದರೆ ಖರೇ ಆಗಿಬಿಡುತ್ತದೆ ಎಂಬ ಹೆದರಿಕೆ ನನ್ನದು. ಅವನಿಗೆ ಮೊದಲೇ ಗೊತ್ತಿದೆ, ನನ್ನಿಂದ ಮುಚ್ಚಿಡುತ್ತಿದ್ದಾನೆ ಎಂದೂ ಅನ್ನಿಸುತ್ತಿತ್ತು. ಸೋಮವಾರ ಸಂಜೆ ಕೆಲಸದಿಂದ ಬಂದವನು ಕಟ್ಟೆಯ ಮೇಲೆ ಕೂತು ಶೂ ಬಿಚ್ಚುತ್ತ, ನನ್ನ ಕಡೆ ನೋಡದೆ, "ಶುಕ್ರವಾರ ಒಂದು ದಾಟಿದ್ರ ಸಾಕವ್ವಾ" ಅಂದ. ಅವನು ಹೇಳಿದ್ದು ಸ್ಕ್ಯಾನಿನ ಮಾತು. ನನಗೆ ಕೇಳಿಸಿದ್ದು ಬೇರೆ. ಆ ಮೇಲೆ ನನಗೆ ಅನುಮಾನವೇ ಉಳಿಯಲಿಲ್ಲ.

ಆ ದಿನಗಳಲ್ಲಿ ನಾನು ಮಾಡಿದ್ದೆಲ್ಲ ಈಗ ನೆನೆದರೆ ನಗು ಬರುತ್ತದೆ, ಆಗ ಒಂದೊಂದೂ ಎದೆ ಹಿಂಡಿದ್ದು. ಅವಳಿಗೆ ಏನು ಬೇಕು ಏನು ಬೇಕು ಅಂತ ಹೊತ್ತಿಗೊಮ್ಮೆ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದೆ. ಕೆಂಪು ಕಾರದ ಚಟ್ನಿ ಅಂದರೆ ಅದು, ಹುಗ್ಗಿ ಅಂದರೆ ಅದು. ಮದುವೆಯಾದ ಹೊಸದರಲ್ಲಿ ರೊಟ್ಟಿ ದಪ್ಪ ಬಡಿಯುತ್ತಾಳೆ ಅಂತ ಅವಳನ್ನು ನಾನು ಬೈದದ್ದಿತ್ತು. ಅದನ್ನು ನೆನೆಸಿ, "ಆವಾಗ ಬೈದಿದ್ದೆ, ಮನಸ್ಸಿನಾಗ ಇಟ್ಕೋಬ್ಯಾಡ" ಅಂದೆ. "ಯಾವಾಗ ಬೈದಿದ್ರಿ ಅತ್ತಿ?" ಅಂತ ಅವಳು ಕಣ್ಣರಳಿಸಿದಳು. "ಇರ್ಲಿ, ಯಾವಾಗರ" ಅಂದೆ. ಕೂಸು ಮಾತ್ರ ಅಮ್ಮನ ಕಡೆ ಓಡುತ್ತಲೇ ಇತ್ತು. ಎಷ್ಟು ಸಲ ಹಿಡಿದು ತರುವುದು. ಕೊನೆಗೆ ನಾನು ಅದಕ್ಕೆ ತಿಳಿಯುವ ಹಾಗೆ ಹೇಳಿದೆ, "ನಿಮ್ಮವ್ವನ ಮೈಯಾಗ ಬಿಸಿ ಅದ. ಮುಟ್ಟಿದ್ರ ಸುಡ್ತದ." ಹೆಂಚಿನ ಮೇಲೆ ಬೆರಳಿಟ್ಟು ಒಮ್ಮೆ ಅತ್ತಿದ್ದ ಕೂಸು, ಅದಕ್ಕೆ ಬಿಸಿ ಗೊತ್ತು. ಬಾಗಿಲಲ್ಲಿ ನಿಂತು ತುಟಿ ಮುಂದೆ ಮಾಡಿ ಅವ್ವನ ಕಡೆ "ಉಫ್, ಉಫ್" ಎಂದು ಊದತೊಡಗಿತು, ಆರಲಿ ಅಂತ. ಸೊಸೆ ಗೋಡೆಯ ಕಡೆ ತಿರುಗಿ ಕೂತಳು.

ಮಂಗಳವಾರ ತಡೆಯಲಾಗಲಿಲ್ಲ. ಗೊಬ್ಬೂರಿನಲ್ಲಿರುವ ಬೀಗತಿಗೆ, ಅಂದರೆ ಸೊಸೆಯ ತಾಯಿಗೆ, ಫೋನ್ ಹಚ್ಚಿದೆ.

"ಬೀಗ್ತಿ, ಗುರುವಾರ ಬಂದು ಮಗಳ ಮುಖ ನೋಡ್ಕೊಂಡು ಹೋಗು."

"ಗುರುವಾರ ಯಾಕ? ಇಪ್ಪತ್ತೊಂದು ದಿನ ಯಾರೂ ಬರಬ್ಯಾಡ್ರಿ ಅಂದಾನ ಅಳಿಯ."

"ದೂರ ಕುಂತು ನೋಡು. ಬಾ ಅಷ್ಟೇ."

"ಏನಾಗ್ಯಾದ, ಖರೇ ಹೇಳು."

"ಏನಿಲ್ಲ. ಶೇಂಗಾ ಹೋಳಿಗಿ ಮಾಡ್ಕೊಂಡು ಬಾ, ಆಕಿಗಿ ಜೀವ."

ಇದೇ ಕೊನೆಯ ಮಾತು ಅವಳನ್ನು ಹೆದರಿಸಿಬಿಟ್ಟಿತಂತೆ. ಹೋಳಿಗೆ ಮಾಡಿಕೊಂಡು ಬಾ ಎಂದು ನಾನು ಎಂದೂ ಹೇಳಿದವಳಲ್ಲ, ತಂದದ್ದಕ್ಕೂ ಹೆಸರಿಡುವವಳು, ಏನೋ ಆಗಿದೆ ಅಂದುಕೊಂಡಳಂತೆ. ಗುರುವಾರ ಎರಡು ಬಸ್ಸು ಬದಲಿಸಿ ಬಂದಳು. ಚಪ್ಪಲಿಯನ್ನೂ ಬಿಡದೆ ಮುಂದಿನ ಕೋಣೆಯ ಬಾಗಿಲಲ್ಲಿ ಕೂತು, ಮಗಳ ಮುಖ ನೋಡಿ, ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದಳು. ಅವಳನ್ನು ನೋಡಿ ನಾನೂ ಅತ್ತೆ. ಸೊಸೆ ಒಳಗಿನಿಂದ ಗಾಬರಿಯಾಗಿ ಎದ್ದು ನಿಂತು, "ಯವ್ವಾ, ಯಾಕ ಅಳ್ತಿ? ಯಾರು ಸತ್ತಾರ?" ಅಂದಳು.

"ಯಾರೂ ಸತ್ತಿಲ್ಲವ್ವಾ, ಇನ್ನಾ" ಅಂದಳು ಬೀಗತಿ.

ಅಷ್ಟರಲ್ಲಿ ಮಗ ಊಟಕ್ಕೆ ಬಂದ. ಇಬ್ಬರು ಹೆಂಗಸರು ಬಾಗಿಲಲ್ಲಿ ಅಳುತ್ತಿದ್ದಾರೆ, ಒಬ್ಬಳು ಒಳಗೆ ಬೆಪ್ಪಾಗಿ ನಿಂತಿದ್ದಾಳೆ, ಕೂಸು ಹೋಳಿಗೆಯ ಡಬ್ಬಿ ತೆರೆದು ಕೂತಿದೆ. ಅವನ ಮುಖ ಬಿಳಿಚಿತು. "ಏನಾಯ್ತವ್ವಾ?" ಎಂದು ಎರಡು ಸಲ ಕೇಳಿದ. ಇನ್ನು ಮುಚ್ಚಿಟ್ಟು ಏನು ಅಂತ ನಾನು ಅಕ್ಕಿಡಬ್ಬಿಯ ಕೆಳಗಿನ ಕಾಗದ ತಂದು ಕೊನೆಯ ಸಾಲಿನ ಮೇಲೆ ಬೆರಳಿಟ್ಟೆ. "ನೀನು ನನಗ ಹೇಳಿಲ್ಲ, ಆದ್ರ ನನಗ ಓದಾಕ ಬರ್ತದ" ಅಂದೆ.

ಅವನು ಓದಿದ. ಓದಿ ಗೋಡೆಗೆ ಬೆನ್ನು ಹಚ್ಚಿ ಕೆಳಗೆ ಕುಸಿದು ಕೂತು ನಗತೊಡಗಿದ. ನಗುತ್ತ ನಗುತ್ತ ತೋಳಿನಿಂದ ಕಣ್ಣು ಒರೆಸಿಕೊಂಡ. "ನಾಕ್ ದಿನದಿಂದ ಇದನ್ನ ಹೊಟ್ಯಾಗ ಇಟ್ಕೊಂಡು ಕುಂತೀದಿ ಏನವ್ವಾ?" ಅಂದ. ನನಗೆ ಸಿಟ್ಟು ಬಂತು. "ನಗಬ್ಯಾಡ. ಅರ್ಥ ಹೇಳು" ಅಂದೆ. ಅವನಿಗೂ ಸರಿಯಾಗಿ ಹೇಳಲು ಬರಲಿಲ್ಲ. ಮತ್ತೆ ಕರೆಂಟು, ತಂತಿ, ಬ್ಯಾಟರಿ ಅಂತ ಶುರು ಮಾಡಿದ. ಬೀಗತಿ, "ಅಳಿಯಾ, ನಿನ್ನ ಬ್ಯಾಟರಿ ಸಾಕು, ಬರ್ದವ್ರಿಗೇ ಹಚ್ಚು" ಅಂದಳು. ಕಾಗದದ ಮೇಲಿನ ನಂಬರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ನೆಲದ ಮೇಲೆ ಇಟ್ಟ.

"ಅವ್ವಾರ, ಆ ಅರ್ಧಾಯುಷ್ಯ ಆಕೀದಲ್ರಿ, ಔಷಧದ್ದು" ಅಂದರು ಜೇವರ್ಗಿಯವರು.

"ಔಷಧಕ್ಕ ಆಯುಷ್ಯ ಎಲ್ಲಿಂದ ಬಂತಪ್ಪಾ?"

"ಅದಕ್ಕೂ ಅದರಿ. ತಪ್ಪು ನಂದು. ಕಾಗದ ಮುಗೀತು, ನಿಮಗೂ ಗಡಿಬಿಡಿ ಇತ್ತು. ಔಷಧದ ಅಂತ ಇನ್ನೊಂದು ಮಾತು ಸೇರಸಬೇಕಿತ್ತು. ಮನ್ಯಾಗ ಜ್ವಾಳ ಅದಾವ ಏನ್ರಿ? ಹದಿನಾರು ಕಾಳು ತೊಗೊಂಡು ನಿಮ್ಮ ಮುಂದ ಇಡ್ರಿ."

ಬೀಗತಿ ಎದ್ದು ಹಿಡಿ ಜೋಳ ತಂದಳು. ಫೋನಿನ ಪಕ್ಕ ಹದಿನಾರು ಎಣಿಸಿ ಇಟ್ಟೆವು.

"ಇವು ಕಿರಣ ಬಿಡೋ ಬೀಜ ಅನ್ಕೋರಿ. ಎಂಟು ದಿನಕ್ಕ ಅರ್ಧ ಬೀಜ ಒಡೆದು ತಣ್ಣಗಾಗ್ತಾವ. ಎಷ್ಟು ಉಳೀತು?"

"ಎಂಟು."

"ಮತ್ತ ಎಂಟು ದಿನಕ್ಕ?"

"ನಾಕು."

"ಮತ್ತ?"

"ಎರಡು. ಆಮ್ಯಾಲ ಒಂದು." ಹೇಳುತ್ತ ಹೋದ ಹಾಗೆ ನನ್ನ ಎದೆಯ ಮೇಲಿನ ಕಲ್ಲೂ ಅಷ್ಟಷ್ಟೇ ಇಳಿಯುತ್ತಿತ್ತು. ಆದರೆ ನನ್ನದು ಸುಮ್ಮನಿರುವ ಬಾಯಿಯೇ? "ಒಂದರ ಮುಂದ?" ಅಂದೆ.

"ಅರ್ಧ ಅನ್ರಿ."

"ಅದರ ಮುಂದ ಪಾವು, ಅದರ ಮುಂದ ಅರಪಾವು. ಅಂದ್ರ ಪೂರಾ ಎಂದೂ ಹೋಗಲ್ಲೇನು?"

ಸೊಸೆ ಒಳಗಿನಿಂದ ಕುತ್ತಿಗೆ ಚಾಚಿ ಆ ಕಾಳುಗಳನ್ನೇ ನೋಡುತ್ತಿದ್ದಳು. ಈ ಪ್ರಶ್ನೆ ಅವಳದೂ ಆಗಿತ್ತು ಎಂದು ಆಗ ಗೊತ್ತಾಯಿತು.

"ಅವ್ವಾರ, ನೀವು ಕಾಲೇಜಿನ ಹುಡುಗರು ಕೇಳೋದು ಕೇಳಿದ್ರಿ. ಬರೇ ಗಣಿತ ಹಿಡಿದ್ರ ಪೂರಾ ಹೋಗಲ್ಲ. ಆದ್ರ ಮೈಯಾಗ ಅದು ಕುಂತಿರಲ್ಲ. ನೀರಿನ ಸಂಗಟ ಹೊರಗ ಹೊಂಟೇ ಇರ್ತದ, ಅದಕ್ಕೇ ನೀರು ಭಾಳ ಕುಡೀರಿ ಅಂದದ್ದು. ಇಪ್ಪತ್ತೊಂದು ದಿನಕ್ಕ ಉಳಿಯೋದು ಲೆಕ್ಕಕ್ಕಿಲ್ಲದಷ್ಟು. ಅಷ್ಟು ಕಿರಣ ನಿಮ್ಮ ಮನಿ ಕಲ್ಲಿನಾಗೂ ಅದ, ಬಾಳೆಹಣ್ಣಿನಾಗೂ ಅದ, ನನ್ನಾಗೂ ಅದ."

"ಯಾವ ಎಂಟು ಹೋಗ್ತಾವ, ಯಾವ ಎಂಟು ಉಳೀತಾವ ಅಂತ ಮೊದಲೇ ಗೊತ್ತಾಗ್ತದೇನು?" ಎಂದು ಬೀಗತಿ ಕೇಳಿದಳು.

"ಇಲ್ರಿ. ಅರ್ಧ ಹೋಗ್ತಾವ ಅನ್ನೋದು ಖರೇ. ಯಾವುದು ಅಂತ ಯಾರಿಗೂ ಹೇಳಾಕ ಬರಲ್ಲ."

ಫೋನ್ ಇಟ್ಟ ಮೇಲೆ ಬೀಗತಿ ಹೋಳಿಗೆ ಹಂಚಿದಳು. ನನಗೆ ಒಂದು ಕೊಡುವಾಗ, "ತಿನ್ನು, ಓದಿದಾಕಿ" ಅಂದಳು. ಎಲ್ಲರೂ ನಕ್ಕರು. ನಾನು ತಿಂದೆ, ಆದರೆ ಅವರು ಕೊನೆಗೆ ಹೇಳಿದ ಮಾತು ನನ್ನೊಳಗೆ ಉಳಿಯಿತು. ಒಂದೇ ತೆನೆಯ ಕಾಳು, ಒಂದೇ ಬಣ್ಣ. ಒಂದು ಇವತ್ತು, ಒಂದು ಮುಂದಿನ ವಾರ. ಅಕ್ಕ ಮತ್ತು ನಾನು ಒಂದೇ ಬಟ್ಟಲಲ್ಲಿ ಉಂಡು ಬೆಳೆದವರು.

ಮರುದಿನ ಶುಕ್ರವಾರದ ಭಯ ಹೋಗಲಿಲ್ಲ, ಬಣ್ಣ ಬದಲಿಸಿತು ಅಷ್ಟೇ. ಅರ್ಧಾಯುಷ್ಯ ಔಷಧದ್ದಾದರೂ ಸ್ಕ್ಯಾನ್ ಸೊಸೆಯದೇ ತಾನೇ. ಔಷಧ ಕುತ್ತಿಗೆಯಲ್ಲಿ ಮಾತ್ರ ಕೂತಿದೆಯೋ, ಎದೆಗೆ, ಎಲುಬಿಗೆ ಹೋಗಿದೆಯೋ ಅಂತ ಅದರಲ್ಲಿ ಕಾಣುತ್ತದೆ ಎಂದಿದ್ದರು. ಮಗ, ಸೊಸೆ ಸೊಲ್ಲಾಪುರದಿಂದ ಬರುವವರೆಗೆ ಬೀಗತಿ ಮತ್ತು ನಾನು ಬೆಳ್ಳುಳ್ಳಿಯ ಒಂದು ಸಣ್ಣ ಚೀಲವನ್ನು ಪೂರಾ ಸುಲಿದಿಟ್ಟೆವು, ಯಾಕೆ ಸುಲಿದೆವು ಅಂತ ಇಬ್ಬರಿಗೂ ಗೊತ್ತಿಲ್ಲ. ಕುತ್ತಿಗೆಯಲ್ಲಿ ಮಾತ್ರ ಎಂದು ಸಂಜೆ ತಿಳಿಯಿತು. ಶನಿವಾರ ಬೀಗತಿ ಊರಿಗೆ ಹೋದಳು.

ಉಳಿದದ್ದು ಹದಿಮೂರು ದಿನ. ಅವು ಸರಿಯಲೇ ಇಲ್ಲ. ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದೆ. ಕೂಸು ಸದ್ದಿಲ್ಲದೆ ಎದ್ದು ಅವ್ವನ ಕೋಣೆಯ ನಡುವಿನವರೆಗೆ ಹೋಗಿತ್ತು. ಸೊಸೆ ನಿದ್ದೆಯಲ್ಲಿದ್ದಳು. ನಾನು ಹಿಟ್ಟಿನ ಕೈಯಲ್ಲೇ ಓಡಿ, ಕೂಗಿ, ಅದರ ರೆಟ್ಟೆ ಹಿಡಿದು ಎಳೆದುಕೊಂಡು ಬಂದೆ. ರೆಟ್ಟೆ ಕೆಂಪಾಯಿತು. ಅದು ಅಳಲಿಲ್ಲ, ನನ್ನನ್ನೇ ನೋಡಿತು. ಆವತ್ತಿನಿಂದ ಬಾಗಿಲಲ್ಲಿ ನಿಂತು ಊದುವುದನ್ನು ಬಿಟ್ಟಿತು. ಸೊಸೆ ಒಳಗಿನಿಂದ ಹಾಡಿ ಕರೆದರೂ ನನ್ನ ಹಿಂದೆ ಬಂದು ನಿಲ್ಲುತ್ತಿತ್ತು. ಕಟ್ಟಳೆ ಪಾಲಿಸಲು ಸುಲಭವಾಯಿತು. ನನಗೆ ಮಾತ್ರ ಅದು ಒಳ್ಳೆಯದು ಅನ್ನಿಸಲಿಲ್ಲ.

ನಿನ್ನೆ ಮಧ್ಯಾಹ್ನ ಮೂರರ ಬಸ್ಸಿಗೆ ಮಗ, ಸೊಸೆ ಇಬ್ಬರೂ ಬಂದರು. ಬೀಗತಿಗೂ ಫೋನ್ ಮಾಡಿದ್ದೆ, ಅವಳು ಅರ್ಧ ತಾಸು ಮೊದಲೇ ಬಂದು ಕೂತಿದ್ದಳು. ದವಾಖಾನೆಯಲ್ಲಿ ಮೀಟರು ಹಿಡಿದು ನೋಡಿದ್ದರಂತೆ, ಮುಳ್ಳು ಅಲ್ಲಾಡಿದ್ದು ಇಲ್ಲವೆಂಬಷ್ಟು. ರಕ್ತದ ರಿಪೋರ್ಟೂ ಚೆನ್ನಾಗಿದೆ. ಆರು ತಿಂಗಳಿಗೆ ಮತ್ತೆ ಬರಬೇಕು. ಆರು ತಿಂಗಳ ಮಾತು ಮಗ ಸಣ್ಣ ದನಿಯಲ್ಲಿ ಹೇಳಿದ. ನಾನು ಕೇಳಿಸಿಕೊಂಡು ಬದಿಗಿಟ್ಟೆ.

ಸೊಸೆ ಕಾಲು ತೊಳೆದು ಒಳಗೆ ಬಂದು ನಡುಮನೆಯಲ್ಲಿ ನೆಲದ ಮೇಲೆ ಕೂತಳು. ಎರಡೂ ಕೈ ಚಾಚಿದಳು. ಕೂಸು ನನ್ನ ಸೀರೆಯ ಹಿಂದೆ ಸೇರಿಕೊಂಡಿತು.

"ಬಾ ನಮ್ಮವ್ವಾ."

"ಬಿಸಿ ಅದ" ಅಂದಿತು ಕೂಸು.

ಸೊಸೆಯ ಕೈ ಹಾಗೇ ನಿಂತವು, ಆಮೇಲೆ ಮೆಲ್ಲಗೆ ಮಡಿಲಿಗೆ ಬಂದವು. ಇಪ್ಪತ್ತೊಂದು ದಿನ ಅವಳು ನಮ್ಮ ಕಣ್ಣಿಗೆ ಬೀಳುವಂತೆ ಅತ್ತವಳಲ್ಲ. ಈಗ ಅವಳ ಗಲ್ಲ ನಡುಗುತ್ತಿತ್ತು. ಬೀಗತಿಗೆ ತಡೆಯದೆ, "ಬಾ ಬೇ, ಹೆದರಬ್ಯಾಡ, ನಿಮ್ಮವ್ವ ತಣ್ಣಗಾಗ್ಯಾಳ" ಅಂದಳು.

"ಅಲ್ಲಾ, ನಿನ್ನ ಬಾಯಿಗಿಷ್ಟು" ಅಂದೆ ನಾನು. "ಬದುಕಿದ ಮಂದಿಗಿ ತಣ್ಣಗಾಗ್ಯಾಳ ಅಂತಾರೇನು? ನಿನ್ನ ಹೊಟ್ಟಿಲೇ ಹುಟ್ಟಿದಾಕಿ ಆಕಿ."

"ಬಿಸಿ ಅಂದಾಕಿ ನೀನು. ನಾ ಮತ್ತ ಏನನ್ಲಿ?"

ಅವಳು ಹೇಳಿದ್ದು ಸರಿ ಇತ್ತು. ಬಿಸಿ ಅಂದವಳು ನಾನೇ. ಆಗ ಇನ್ನೊಂದು ಹೊಳೆಯಿತು. ದೊಡ್ಡವರು ಸ್ವಲ್ಪ ಹೊತ್ತು ಹತ್ತಿರ ಹೋದರೆ ನಡೆಯುತ್ತದೆ ಎಂದು ಹೇಳಿದ್ದರೂ, ಅವಳು ದವಾಖಾನೆಯಿಂದ ಬಂದಾಗಿನಿಂದ ನಾನು ಒಮ್ಮೆಯೂ ಅವಳನ್ನು ಮುಟ್ಟಿರಲಿಲ್ಲ. ತಾಟು ಇಟ್ಟೆ, ಸರಿದೆ. ಇಟ್ಟೆ, ಸರಿದೆ. ಕೂಸು ಕಂಡದ್ದು ಅದನ್ನೇ. ಮಾತು ಎಷ್ಟು ಹೇಳಿದರೆ ಏನು.

ಹೋಗಿ ಸೊಸೆಯ ಪಕ್ಕ ಕೂತೆ. ಸುಳ್ಳು ಹೇಳಬಾರದು, ಕೂರುವಾಗ ನನ್ನ ಎದೆಯೂ ಹೊಡೆದುಕೊಂಡಿತು. ಅವಳ ಕೈ ಹಿಡಿದೆ. ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿದೆ. ಕುತ್ತಿಗೆಯ ಹೊಲಿಗೆಯ ಗುರುತಿನ ಮೇಲೆ ಅಂಗೈ ಇಟ್ಟೆ, ಅಲ್ಲಿ ಅವಳ ನಾಡಿ ಟಕಟಕ ಬಡಿಯುತ್ತಿತ್ತು. "ನೋಡು" ಅಂದೆ ಕೂಸಿಗೆ, "ಈ ನಿನ್ನ ಆಯಿ ಸುಳ್ಳು ಹೇಳಿದ್ಳು. ಸುಡಲ್ಲ."

ಕೂಸು ಒಂದು ಹೆಜ್ಜೆ ಬಂತು. ನನ್ನ ಕೈ ನೋಡಿತು, ನನ್ನ ಮುಖ ನೋಡಿತು. ಹತ್ತಿರ ಬಂದು ಒಂದೇ ಬೆರಳು ಚಾಚಿ ಅವ್ವನ ಮೊಣಕಾಲನ್ನು ಮುಟ್ಟಿ ಗಕ್ಕನೆ ಹಿಂದಕ್ಕೆ ಎಳೆದುಕೊಂಡಿತು. ಮತ್ತೆ ಮುಟ್ಟಿತು. ಆಮೇಲೆ ಅಂಗೈ. ಆಮೇಲೆ ಮೊಣಕಾಲು ಏರಿ ಮಡಿಲಲ್ಲಿ ಕೂತು, ಏನೂ ಆಗಿಲ್ಲ ಎಂಬಂತೆ, "ಅವ್ವಾ, ಬೆಕ್ಕು ಮರಿ ಹಾಕ್ಯಾದ" ಅಂದಿತು. ಸೊಸೆ ಎತ್ತಿಕೊಂಡು ನಿಂತಳು. ಮಗ ಹೊರಗೆ ಹೋಗಿ ಬೈಕ್ ಒರೆಸತೊಡಗಿದ.

ಬೀಗತಿ ಸೊನ್ನದ ಬ್ಯಾರೇಜಿನ ಕಡೆಯಿಂದ ಬಂದ ಮೀನು ತಂದಿದ್ದಳು, ಒದ್ದೆ ಬಟ್ಟೆಯಲ್ಲಿ ಸುತ್ತಿ. ಸಾರಿಗೆ ಇಟ್ಟೆ, ಹೊತ್ತು ಮುಳುಗುವ ಮೊದಲೇ ಹದಿನೈದು ರೊಟ್ಟಿ ಬಡಿದೆ. ನಡುಮನೆಯಲ್ಲಿ ಎಲ್ಲರೂ ಸುತ್ತ ಕೂತೆವು. ಕೂಸು ಅವ್ವನ ತೊಡೆಯ ಮೇಲೆ. ಸೊಸೆ ಮೀನಿನ ಮುಳ್ಳನ್ನು ಒಂದೊಂದಾಗಿ ಬಿಡಿಸಿ, ದೀಪಕ್ಕೆ ಹಿಡಿದು ನೋಡಿ, ತುತ್ತು ಅದರ ಬಾಯಿಗಿಟ್ಟಳು. ಬೀಗತಿ ಒಂದು ಗುಟುಕು ಸಾರು ಕುಡಿದು, "ಆಳಂದದವ್ರಿಗಿ ಮೀನ ಮಾಡಾಕ ಬರಲ್ಲ ನೋಡು. ಹುಳಿ ಕಡಿಮಿ" ಅಂದಳು. "ಕಡಿಮಿ ಇದ್ರ ಎರಡನೇ ಸಲ ಯಾಕ ಹಾಕ್ಕೊಂಡಿ?" ಅಂದೆ. ಮಗ ಐದನೇ ರೊಟ್ಟಿಗೆ ಕೈ ಹಾಕಿದ. ಸಾಲುವುದಿಲ್ಲ ಅನ್ನಿಸಿ ಇನ್ನೆರಡು ಬಡಿಯಲು ಎದ್ದರೆ, ಸೊಸೆ ನನ್ನ ಸೆರಗು ಹಿಡಿದು, "ಕೂಡ್ರಿ ಅತ್ತಿ, ನಿಮ್ಮ ತಾಟಿಗಿ ಇನ್ನಾ ಕೈನೇ ಹಚ್ಚಿಲ್ಲ ನೀವು" ಅಂದಳು. ಕೂತೆ. ಸಾರು ಇನ್ನೂ ಬೆಚ್ಚಗಿತ್ತು. ರೊಟ್ಟಿ ಮುರಿದು ಅದರಲ್ಲಿ ಅದ್ದಿದೆ.